ಅಮ್ಮ ಹಟ್ಟಿಗೆ ಹೊಕ್ಕ ದಿನ

ನಮ್ಮ ಮನೆಯಲ್ಲಿ ಕೋಣಗಳ ಮೇಲೆ ಯಾರೂ ಕೈ ಎತ್ತುತ್ತಿರಲಿಲ್ಲ. ಅವುಗಳಿಗೆ ಪೆಟ್ಟು ಬೀಳುವುದಿದ್ದರೆ ಕಂಬಳದ ದಿನ ಮಾತ್ರ, ಅದೂ ಕರೆಯಲ್ಲಿ. ಕರೆ ಎಂದರೆ ಕೋಣ ಓಡಿಸುವುದಕ್ಕೆ ನೀರು ನಿಲ್ಲಿಸಿ ಹದ ಮಾಡಿದ ಉದ್ದನೆಯ ಕೆಸರುಗದ್ದೆ. ಉಳಿದ ದಿನಗಳಲ್ಲಿ ಪೆಟ್ಟು ತಿನ್ನುತ್ತಿದ್ದವರು ನಾವು ಮನುಷ್ಯರು. ಅಮ್ಮನ ಅಣ್ಣ, ನನ್ನ ಮಾವ, ಅಪ್ಪನಿಗೆ ಬೈಯುತ್ತಿದ್ದ, ಅಪ್ಪ ಅದನ್ನು ಅಮ್ಮನ ಮೇಲೆ ತೀರಿಸುತ್ತಿದ್ದ, ಅಮ್ಮ ಕೈಗೆ ಸಿಕ್ಕಿದ ಸೌಟಿನಿಂದ ನನ್ನ ಬೆನ್ನಿಗೆ ಬಾರಿಸುತ್ತಿದ್ದಳು, ನಾನು ಹೋಗಿ ನಾಯಿಗೆ ಕಲ್ಲು ಬಿಸಾಡುತ್ತಿದ್ದೆ. ದೂರು ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಗಂಜಿ ಬಡಿಸಿದ ಹಾಗೆ ಅದೂ ದಿನಾ ನಡೆಯುವ ಸಂಗತಿಯೇ ಆಗಿತ್ತು. ಈಗಿನ ಕಂಬಳವನ್ನು ನಾನು ಮೊಮ್ಮಗಳ ಮೊಬೈಲಿನಲ್ಲಿ ನೋಡುತ್ತೇನೆ. ಲೈಟು, ಮೈಕು, ಕ್ಯಾಮೆರಾ, ಕೋಣಕ್ಕೆ ಹಾಗೆ ಹೊಡೆಯಬಾರದು ಹೀಗೆ ಹೊಡೆಯಬಾರದು ಎಂಬ ಕಾನೂನು. ಕೋಣಕ್ಕೆ ಕಾನೂನು ಬಂದದ್ದು ಒಳ್ಳೆಯದೇ. ಮೊಮ್ಮಗಳು ಮಣಿಪಾಲದಲ್ಲಿ ಕಲಿಯುವವಳು. ಒಂದು ದಿನ ಕೇಳಿದಳು:

“ಅಜ್ಜಿ, ನಿಮ್ಮ ಮನೆಯಲ್ಲೂ ಕಂಬಳದ ಕೋಣ ಇತ್ತಂತಲ್ಲ, ಎಷ್ಟು ಗಮ್ಮತ್ತು ಅಲ್ವಾ?”

ಗಮ್ಮತ್ತು ಇತ್ತು. ಅದು ಯಾರಿಗೆ ಎಂಬುದನ್ನು ಹೇಳುತ್ತೇನೆ. ನಾನು ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಬರೆಯಲು ಬರುತ್ತದೆ, ಚಂದ ಮಾಡಿ ಬರೆಯಲು ಬರುವುದಿಲ್ಲ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಆ ಮಾತುಗಳನ್ನೇ ಇಲ್ಲಿ ಕನ್ನಡದಲ್ಲಿ ಹಾಕಿದ್ದೇನೆ.

ನಮ್ಮೂರು ಕಾರ್ಕಳಕ್ಕೂ ಕಾಪುವಿಗೂ ನಡುವೆ, ಸುತ್ತ ಗದ್ದೆ ಇರುವ ಸಣ್ಣ ಪೇಟೆ. ಒಂದು ಅಕ್ಕಿಮಿಲ್ಲು, ಒಂದು ಚಹಾದ ಹೋಟೆಲು, ಒಂದು ಶೇಂದಿ ಅಂಗಡಿ ಬಿಟ್ಟರೆ ಹೇಳಿಕೊಳ್ಳಲು ಇದ್ದದ್ದು ಕಂಬಳ ಒಂದೇ. ನಮ್ಮ ಮನೆ ಪೇಟೆಯಿಂದ ಕೆಳಗೆ, ಗದ್ದೆಯ ಅಂಚಿಗೆ. ಮನೆಗಿಂತ ಕೋಣದ ಹಟ್ಟಿ ಗಟ್ಟಿ. ಹಟ್ಟಿಗೆ ಹಂಚು ಹಾಕಿತ್ತು, ಅಡುಗೆಕೋಣೆಗೆ ಮುಳಿಹುಲ್ಲು. ಮಳೆಗಾಲದಲ್ಲಿ ಒಲೆಯ ಮೇಲೆ ನೀರು ತೊಟ್ಟಿಕ್ಕಿ ಅಮ್ಮ ಹೊಗೆಯಲ್ಲಿ ಕೆಮ್ಮುವಾಗ ಹಟ್ಟಿಯಲ್ಲಿ ಕಾಟಿ ಮತ್ತು ಚೆನ್ನ ಬೆಚ್ಚಗೆ ಮೆಲುಕು ಹಾಕುತ್ತಿದ್ದವು. ಅವು ನಮ್ಮ ಎರಡು ಕೋಣಗಳ ಹೆಸರು. ದೊಡ್ಡ ತಾಮ್ರದ ಹಂಡೆಯಲ್ಲಿ ಹುರುಳಿ ಬೇಯುತ್ತಿತ್ತು. ಕಾಳು ಕೋಣಕ್ಕೆ, ಬೇಯಿಸಿದ ನೀರು ನಮಗೆ. ಆ ನೀರಿಗೆ ಉಪ್ಪು, ಮೆಣಸು, ಬೆಳ್ಳುಳ್ಳಿ ಹಾಕಿದರೆ ಹುರುಳಿ ಸಾರು. ಈಗ ಹೋಟೆಲಿನವರು ಅದನ್ನೇ ಊರಿನ ರುಚಿ ಎಂದು ಬೋರ್ಡು ಹಾಕಿ ಮಾರುತ್ತಾರೆ. ನಾನು ಈಗ ಅದನ್ನು ಬಾಯಿಗೆ ಹಾಕುವುದಿಲ್ಲ. ತೆಂಗಿನೆಣ್ಣೆಯೂ ಕೋಣಕ್ಕೇ. ಕೋಣದ ಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ನನ್ನ ತಲೆಕೂದಲು ತೆಂಗಿನ ನಾರಿನ ಹಾಗೆ ಇತ್ತು.

ನಮ್ಮದು ಅಳಿಯಕಟ್ಟಿನ ಮನೆ. ಎಂದರೆ ಮನೆ ನಡೆಯುವುದು ಹೆಂಗಸಿನ ಸಂತಾನದಲ್ಲಿ, ಯಜಮಾನಿಕೆ ಅವಳ ಅಣ್ಣತಮ್ಮಂದಿರ ಕೈಯಲ್ಲಿ. ಹಿರಿಯವಳು ಅಜ್ಜಿ, ಅಮ್ಮನ ಅಮ್ಮ. ಅವಳ ಮಗ ದೂಮಣ್ಣ ಮಾವ ಯಜಮಾನ. ಅವನ ಹೆಂಡತಿ ಮಕ್ಕಳು ಕಡಲ ಬದಿಯ ಹೂಡೆಯಲ್ಲಿ, ಅವರ ತಾಯಿಮನೆಯಲ್ಲಿ. ಇವನು ಯಾವಾಗಲಾದರೂ ಹೋಗಿ ಬರುತ್ತಿದ್ದ, ಅಷ್ಟೇ. ಅವನಿಗೆ ಸಂಸಾರವೆಂದರೆ ಕಾಟಿ ಮತ್ತು ಚೆನ್ನ. ಅವನ ತಂಗಿ ಕಮಲ ನನ್ನ ಅಮ್ಮ. ಹೆಣ್ಣು ಸಂತಾನಕ್ಕೆ ನಾನೊಬ್ಬಳೇ, ಗುಲಾಬಿ. ಇನ್ನು ಅಪ್ಪ ಐತಪ್ಪ. ಅವನು ಈ ಮನೆಗೆ ಬಂದದ್ದು ಮದುವೆಯ ದಾರಿಯಲ್ಲಿ ಅಲ್ಲ, ಓಟದ ದಾರಿಯಲ್ಲಿ. ಮೊದಲು ಅವನು ಬೇರೆಯವರ ಕೋಣ ಓಡಿಸುತ್ತಿದ್ದ. ಒಂದು ಕಂಬಳದಲ್ಲಿ ಮಾವನ ಕೋಣಗಳನ್ನು ಹಿಂದೆ ಹಾಕಿ ಗೆದ್ದ. ಮಾವನಿಗೆ ಸಿಟ್ಟು ಬರಬೇಕಿತ್ತು, ಆಸೆ ಬಂತು. ಇವನು ಇನ್ನೊಬ್ಬರ ಕೋಣದ ಹಗ್ಗ ಹಿಡಿಯಬಾರದು ಎಂದು ತನ್ನ ತಂಗಿಯನ್ನು ಕೊಟ್ಟು ಮನೆಯಲ್ಲೇ ಕಟ್ಟಿಹಾಕಿದ. ಓಟಗಾರರನ್ನು ಹೀಗೆ ಹಿಡಿದು ಇಡುವುದು ಹೊಸ ಉಪಾಯವೇನೂ ಅಲ್ಲ. ಕೆಲವರು ಗದ್ದೆ ಕೊಡುತ್ತಿದ್ದರು, ಮಾವ ತಂಗಿಯನ್ನು ಕೊಟ್ಟ.

ಅಪ್ಪನನ್ನು ದೇವರಂತಹ ಮನುಷ್ಯ ಎಂದು ಬರೆಯಲು ನನಗೆ ಮನಸ್ಸಿಲ್ಲ. ಗೆದ್ದು ಬಂದ ದಿನ ನನ್ನನ್ನು ಹೆಗಲ ಮೇಲೆ ಕೂರಿಸಿ ಅಂಗಳ ಸುತ್ತುತ್ತಿದ್ದ. ಸೋತು ಬಂದ ದಿನ ಅಮ್ಮನ ಕೈ ತಿರುಚುತ್ತಿದ್ದ. ಅವಳೂ ಸುಮ್ಮನೆ ಇರುವವಳಲ್ಲ. ಒಮ್ಮೆ ಬಿಸಿ ಗಂಜಿಯನ್ನು ಅವನ ಕಾಲ ಮೇಲೆ ಹೊಯ್ದು, ಕೈ ಜಾರಿತು ಎಂದಳು. ಆದರೂ ಅವನು ನನ್ನ ಅಪ್ಪ. ಮನೆಯಲ್ಲಿ ನನ್ನನ್ನು ನೋಡಿ ನಗುತ್ತಿದ್ದ ಮುಖ ಅದೊಂದೇ.

ಆ ವರ್ಷ ಕಂಬಳಗಳು ಶುರುವಾದಾಗ ನಮ್ಮ ಕೋಣಗಳು ಎರಡು ಕಡೆ ಸೋತವು. ಒಂದು ಕಡೆ ಅಪ್ಪನ ಕೈಯಿಂದ ಹಗ್ಗ ತಪ್ಪಿತು. ಹಗ್ಗದ ಓಟದಲ್ಲಿ ನೊಗಕ್ಕೆ ಕಟ್ಟಿದ ಹಗ್ಗವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬೆತ್ತ ಹಿಡಿದು ಕೋಣಗಳ ಹಿಂದೆ ಓಡಬೇಕು. ಹಗ್ಗ ಬಿಟ್ಟರೆ ಕೋಣ ಮೊದಲು ಮುಟ್ಟಿದರೂ ಲೆಕ್ಕಕ್ಕಿಲ್ಲ. ಮುಂದಿನ ಕಂಬಳಕ್ಕೆ ಹೊರಡುವಾಗ ಮಾವ ಅಂಗಳದಲ್ಲಿ ಎಲ್ಲರ ಎದುರು ಹೇಳಿದ:

“ಐತಪ್ಪ, ಈ ಸಲ ಹಗ್ಗ ಬಿಟ್ಟರೆ ನೀನು ಆಚೆಯಿಂದಾಚೆ ನಿನ್ನ ಊರಿಗೆ ಹೋಗು. ಈ ಮನೆಗೆ ಬರುದು ಬೇಡ.”

“ಬಿಡುದಿಲ್ಲ ಭಾವ.”

“ಬಾಯಲ್ಲಿ ಹಿಡಿಯುವವರು ಸುಮಾರು ಜನ ಉಂಟು. ಕೈಯಲ್ಲಿ ಹಿಡಿ.”

ಅಪ್ಪ ಆ ದಿನ ಯಾವ ಓಟಗಾರನೂ ಮಾಡಬಾರದ ಕೆಲಸ ಮಾಡಿದ. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡ. ಸುತ್ತಿಕೊಂಡರೆ ಬಿದ್ದಾಗ ಬಿಡಿಸಿಕೊಳ್ಳಲು ಆಗುವುದಿಲ್ಲ, ಅದು ಹಗ್ಗ ಹಿಡಿಯಲು ಕಲಿಯುವ ಮೊದಲ ದಿನವೇ ಹೇಳಿಕೊಡುವ ಮಾತು. ನಾನು ಗದ್ದೆಯ ಬದುವಿನಲ್ಲಿ ಅಜ್ಜಿಯ ಪಕ್ಕ ನಿಂತಿದ್ದೆ. ಕೋಣಗಳು ಬಂದ ರಭಸಕ್ಕೆ ಕೆಸರು ನಮ್ಮ ಮುಖಕ್ಕೆ ಹಾರಿತು. ಕಣ್ಣು ಒರೆಸಿ ನೋಡುವಾಗ ಅಪ್ಪ ನಿಂತಿರಲಿಲ್ಲ, ಬಿದ್ದಿದ್ದ. ಕೋಣಗಳು ನಿಲ್ಲಲಿಲ್ಲ. ಅವನನ್ನು ಮರದ ದಿಮ್ಮಿಯ ಹಾಗೆ ಕೆಸರಿನಲ್ಲಿ ಎಳೆದುಕೊಂಡು ಹೋದವು. ಕರೆಯ ಕೊನೆಗೆ ಏರುವ ಕಡೆ ಕಲ್ಲು ಕಟ್ಟಿತ್ತು. ಕೋಣಗಳು ಏರಿದವು, ಅಪ್ಪನ ಮೊಣಕಾಲು ಕಲ್ಲಿಗೆ ಬಡಿಯಿತು. ಆ ಶಬ್ದ ಡೋಲಿನ ನಡುವೆಯೂ ನನಗೆ ಕೇಳಿತು. ಒಣ ತೆಂಗಿನ ಮಡಲು ಮುರಿದ ಹಾಗೆ. ಜನ ಓಡಿದರು. ಮಾವನೂ ಓಡಿದ. ಅವನು ಕುಕ್ಕರಗಾಲಲ್ಲಿ ಕೂತು ಮೊದಲು ಕಾಟಿಯ ಕಾಲು ಮುಟ್ಟಿ ನೋಡಿದ, ಆಮೇಲೆ ಚೆನ್ನನ ಕಾಲು. ಎರಡೂ ಸರಿ ಇವೆ ಎಂದು ಗೊತ್ತಾದ ಮೇಲೆ ಅಪ್ಪನ ಕಡೆ ತಿರುಗಿ ಕೇಳಿದ:

“ಹಗ್ಗ ಬಿಟ್ಟಿಯಾ?”

ಹಗ್ಗ ಅಪ್ಪನ ಕೈಯಲ್ಲೇ ಇತ್ತು. ಮಾಂಸದೊಳಗೆ ಇಳಿದಿತ್ತು. ಅದನ್ನು ಕೊಯ್ದು ತೆಗೆದರು. ಓಟ ಗೆದ್ದಾಗಿತ್ತು.

ಎಲುಬು ಕಟ್ಟುವ ವೈದ್ಯನನ್ನು ಮನೆಗೆ ಕರೆಸಿದರು. ಚಾವಡಿಯಲ್ಲಿ ಚಾಪೆ ಹಾಸಿ ಅಪ್ಪನನ್ನು ಮಲಗಿಸಿ, ಅಮ್ಮ ಅವನ ಎದೆಯ ಮೇಲೆ ಕೂತು ಅದುಮಿದಳು. ಸೊಂಟ ನೆರೆಮನೆಯವರು ಹಿಡಿದರು, ಪಾದ ನಾನು. ಬಾಯಿಗೆ ಮೈ ಒರೆಸುವ ಬೈರಾಸು ತುರುಕಿದ್ದರು. ವೈದ್ಯ ಮೊಣಕಾಲಿನ ಕೆಳಗೆ ಕೈ ಹಾಕಿ ಎಳೆದಾಗ ಅಪ್ಪ ಒದ್ದ ಒದೆತಕ್ಕೆ ನಾನು ಹೋಗಿ ಗೋಡೆಗೆ ಬಿದ್ದೆ. ಎದ್ದು ಬಂದು ಮತ್ತೆ ಹಿಡಿದೆ. ಉದ್ದಿನ ಹಿಟ್ಟಿಗೆ ಮೊಟ್ಟೆ ಕಲಸಿ ಬಳಿದು, ಬಿದಿರಿನ ಸೀಳು ಇಟ್ಟು ಕಟ್ಟಿ, ವೈದ್ಯ ಕೈ ತೊಳೆಯುತ್ತಾ ಮಾವನಿಗೆ ಹೇಳಿದ:

“ನಡೆಯಲಿಕ್ಕೆ ಆದೀತು. ಕೋಲು ಬೇಕು. ಓಟ ಎಲ್ಲ ಮುಗಿಯಿತು ಮಾರಾಯ್ರೆ.”

ಮರುದಿನದಿಂದ ಊಟದ ಹೊತ್ತಿಗೆ ಅಪ್ಪನಿಗೆ ಮೀನು ಬರಲಿಲ್ಲ. ಕಾಪುವಿನಿಂದ ಬುಟ್ಟಿ ಹೊತ್ತು ಬರುವ ಹೆಂಗಸಿನ ಹತ್ತಿರ ಬಂಗುಡೆ ಕೊಂಡರೆ ಎಣಿಸುವಾಗಲೇ ಒಂದು ಪಾಲು ಕಡಿಮೆ. ಚಾವಡಿಯಲ್ಲಿ ಮಲಗಿದವನಿಗೆ ಗಂಜಿ, ಉಪ್ಪಿನಕಾಯಿ. ಅಮ್ಮ ತನ್ನ ಮೀನನ್ನು ಗಂಜಿಯ ಅಡಿಯಲ್ಲಿ ಹುಗಿದು ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ಒಮ್ಮೆ ಮಾವ ಬಟ್ಟಲಿನೊಳಗೆ ಬೆರಳು ಹಾಕಿ ನೋಡಿದ. ಆ ದಿನ ಅಮ್ಮನ ಕೆನ್ನೆಗೆ ಬಿತ್ತು. ಗಂಡ ಎಂದರೆ ಅಷ್ಟು ಪ್ರೀತಿಯಾ ಎಂದು ನೀವು ಕೇಳಬಹುದು. ಅವರಿಬ್ಬರೂ ಪ್ರೀತಿಯ ಮಾತು ಆಡಿದ್ದನ್ನು ನಾನು ಕೇಳಿಲ್ಲ. ತನಗೆ ಬಂದ ಪಾಲನ್ನು ಇನ್ನೊಬ್ಬ ಕಿತ್ತುಕೊಳ್ಳುವುದನ್ನು ಅಮ್ಮ ಸಹಿಸುತ್ತಿರಲಿಲ್ಲ, ಅಷ್ಟೇ.

ಸ್ವಲ್ಪ ದಿನದಲ್ಲಿ ಸಂಜೀವ ಬಂದ. ಕಾಪು ಕಡೆಯ ಹುಡುಗ, ಅಮ್ಮನಿಗಿಂತ ಸಣ್ಣವನು, ಸಮುದ್ರದಲ್ಲಿ ಬಲೆ ಎಳೆದು ಗಟ್ಟಿಯಾದ ತೋಳು. ನಮ್ಮೂರಿನ ಕಂಬಳ ಹತ್ತಿರ ಬರುತ್ತಿತ್ತು, ಅಲ್ಲಿ ಮೊದಲು ಕರೆಗೆ ಇಳಿಯಬೇಕಾದದ್ದು ನಮ್ಮ ಮನೆಯ ಕೋಣ. ನಮ್ಮದು ಇಳಿಯದೆ ಬೇರೆ ಯಾರ ಕೋಣವೂ ಇಳಿಯುವ ಕ್ರಮ ಇಲ್ಲ. ಹಾಗಾಗಿ ಓಡಿಸಲು ಆಳು ಬೇಕಿತ್ತು, ಬಂದ. ಅಪ್ಪ ಕೂರುತ್ತಿದ್ದ ಮಣೆಯಲ್ಲಿ ಕೂತ. ಅಪ್ಪನ ಬೆತ್ತ ತೆಗೆದುಕೊಂಡ. ಒಳ್ಳೆಯ ಹುಡುಗನೇ, ನನಗೆ ಒಮ್ಮೆ ಕಡಲಿನ ಚಿಪ್ಪು ತಂದುಕೊಟ್ಟ. ನಾನು ಅದನ್ನು ಅವನ ಎದುರೇ ಕಲ್ಲಿನಲ್ಲಿ ಜಜ್ಜಿದೆ. ಅವನು ಉಣ್ಣುವಾಗ ಮಾವ ಅಮ್ಮನಿಗೆ ಸಾರು ಹಾಕು, ಮೀನು ಹಾಕು ಎಂದು ಹೇಳುತ್ತಾ ಇಬ್ಬರ ಮುಖವನ್ನೂ ನೋಡುತ್ತಿದ್ದ. ಸಂತೆಯಲ್ಲಿ ಜೋಡಿ ಹೊಂದುತ್ತದೆಯೋ ಎಂದು ಕೋಣಗಳನ್ನು ನೋಡುವ ಹಾಗೆ. ನಮಗೆ ಅರ್ಥವಾಗುವ ಮೊದಲು ಅವನೇ ಹೇಳಿಬಿಟ್ಟ, ಮಧ್ಯಾಹ್ನದ ಊಟದಲ್ಲಿ, ಬಾಯಲ್ಲಿ ಅನ್ನ ಇಟ್ಟುಕೊಂಡೇ:

“ಕಂಬಳ ಒಂದು ಮುಗಿಯಲಿ. ಐತಪ್ಪನನ್ನು ಗಾಡಿಯಲ್ಲಿ ಹಾಕಿ ಅವನ ತಾಯಿಮನೆಗೆ ಮುಟ್ಟಿಸುವ. ಕಮಲನಿಗೆ ಸಂಜೀವನ ಜೊತೆ ಬುಡುದಾರೆ ಮಾಡಿಸುದು.”

ಬುಡುದಾರೆ ಎಂದರೆ ಹೆಣ್ಣಿಗೆ ಎರಡನೆಯ ಮದುವೆ. ನಮ್ಮಲ್ಲಿ ಅದು ಇತ್ತು, ತಪ್ಪೇನೂ ಅಲ್ಲ. ಗಂಡ ಸತ್ತವಳಿಗೆ, ಗಂಡನನ್ನು ಬಿಟ್ಟವಳಿಗೆ ಮಾಡುತ್ತಿದ್ದರು. ಗಂಡ ಗೋಡೆಯ ಆಚೆ ಮಲಗಿ ಕೇಳಿಸಿಕೊಳ್ಳುತ್ತಿರುವಾಗ ಗೊತ್ತು ಮಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಸಂಜೀವ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಅಮ್ಮ ಸೌಟು ಹಿಡಿದು ನಿಂತಲ್ಲೇ ಕೇಳಿದಳು:

“ನನ್ನಲ್ಲಿ ಕೇಳಿದಿರಾ ಅಣ್ಣ?”

“ಕೇಳಲಿಕ್ಕೆ ಎಂತ ಉಂಟು? ಮೊದಲನೆಯದ್ದಕ್ಕೂ ಕೇಳಿರಲಿಲ್ಲ.”

“ಅದು ಗೊತ್ತುಂಟು. ನಾಳೆ ಇವನ ಕಾಲೂ ಮುರಿದರೆ ಮೂರನೆಯವನು ಯಾರು? ಈಗಲೇ ಹೇಳಿ, ಅವನಿಗೂ ಅಕ್ಕಿ ಹಾಕುತ್ತೇನೆ.”

ಮೀನಿನ ಸಾರಿನ ಮಣ್ಣಿನ ಪಾತ್ರೆ ಮಾವನ ಕೈಗೆ ಹತ್ತಿರ ಇತ್ತು. ಅದು ಅಮ್ಮನ ಹಣೆಗೆ ತಾಗಿ ಒಡೆಯಿತು. ಸಾರು, ರಕ್ತ ಎರಡೂ ಒಂದೇ ಬಣ್ಣ, ಯಾವುದು ಎಲ್ಲಿ ಎಂದು ತಿಳಿಯಲಿಲ್ಲ. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ನೆಲದ ಮೇಲಿನ ಮೀನಿನ ತುಂಡು ಹೆಕ್ಕಿ ಬೆಕ್ಕಿಗೆ ಹಾಕಿದಳು. ಗೋಡೆಯ ಆಚೆಯಿಂದ ಅಪ್ಪ ಕಮಲಾ ಎಂದು ಕರೆದ. ಅವಳು ಕೈ ತೊಳೆದು ಜಗಲಿಗೆ ಹೋದಳು, ನಾನೂ ಹಿಂದಿನಿಂದ ಹೋದೆ. ಅಜ್ಜಿ ಅಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದಳು.

“ಅಮ್ಮ, ಮನೆ ನಿನ್ನದು. ನೀನಾದರೂ ಅಣ್ಣನಿಗೆ ಒಂದು ಮಾತು ಹೇಳು.”

“ನನಗೆ ಈ ಕಿವಿ ಕೇಳುದಿಲ್ಲ ಮಗ.”

“ಹಾಗಾದರೆ ಆ ಕಿವಿಗೆ ಹೇಳುತ್ತೇನೆ.”

“ಅದೂ ಕೇಳುದಿಲ್ಲ,” ಎಂದು ಅಜ್ಜಿ ಅಡಿಕೆಯ ಹೋಳನ್ನು ಬಾಯಿಗೆ ಹಾಕಿಕೊಂಡಳು.

ಅಜ್ಜಿಯ ಕಿವಿ ಚೆನ್ನಾಗಿತ್ತು. ಹಿತ್ತಿಲಲ್ಲಿ ತೆಂಗಿನಕಾಯಿ ಬಿದ್ದರೆ ಎಲ್ಲಿ ಬಿತ್ತು ಎಂದು ಕೂತಲ್ಲಿಂದಲೇ ಹೇಳುತ್ತಿದ್ದಳು. ಮಗನ ಎದುರು ಮಾತ್ರ ಅವಳಿಗೆ ಕಿವುಡು. ಅಮ್ಮ ಮತ್ತೆ ಯಾರ ಹತ್ತಿರವೂ ಏನೂ ಕೇಳಲಿಲ್ಲ. ನನಗೆ ರಾತ್ರಿಯೂ ಹಗಲೂ ಒಂದೇ ಹೆದರಿಕೆ, ಅಂಗಳಕ್ಕೆ ಎತ್ತಿನ ಗಾಡಿ ಬಂದರೆ ಅದು ಅಪ್ಪನನ್ನು ಒಯ್ಯಲಿಕ್ಕೆ ಎಂದು. ಅಕ್ಕಿಮಿಲ್ಲಿಗೆ ಹೋಗುವ ಗಾಡಿಯ ಗಂಟೆ ಕೇಳಿದರೂ ಓಡಿಹೋಗಿ ಅಪ್ಪನ ಚಾಪೆಯ ತುದಿಯಲ್ಲಿ ಕೂರುತ್ತಿದ್ದೆ.

ಕಂಬಳದ ಕೋಣಗಳ ವಿಷಯದಲ್ಲಿ ಹೆಂಗಸರಿಗೆ ಒಂದು ಕಟ್ಟು ಇತ್ತು. ಕೋಣ ಹೆಸರಿಗೆ ನಮ್ಮದು, ಹರಕೆಗೆ ಮನೆಯ ದೈವದ್ದು. ಹುರುಳಿ ಬೇಯಿಸುವುದು ನಾವು, ಸೆಗಣಿ ಬಾಚುವುದು ನಾವು. ಆದರೆ ಮುಟ್ಟಾದವಳು ಹಟ್ಟಿಯ ಹತ್ತಿರ ಸುಳಿಯುವ ಹಾಗಿಲ್ಲ. ಹಿತ್ತಿಲ ಬದಿಯ ಸಣ್ಣ ಕೋಣೆಯಲ್ಲಿ ಹೊರಗೆ ಕೂರಬೇಕು. ಅವಳ ನೆರಳು ಕೋಣದ ಮೇಲೆ ಬಿದ್ದರೆ ಓಟದಲ್ಲಿ ಓಟಗಾರನ ಪ್ರಾಣಕ್ಕೆ ಅಪಾಯ ಎಂದು ನಂಬಿದ್ದರು. ಮುಟ್ಟಿಯೇ ಬಿಟ್ಟರೆ, ಮನೆಯ ಹಿರಿಯ ಹೆಂಗಸು ದೈವದ ಕೋಣೆಯ ಎದುರು ನೀರು ಕೊಟ್ಟು ಶುದ್ಧ ಮಾಡದೆ ಕೋಣ ಹಟ್ಟಿಯಿಂದ ಹೊರಗೆ ಕಾಲಿಡುವ ಹಾಗಿಲ್ಲ. ಇದನ್ನು ಮಾವ ನಂಬಿದ್ದ, ಊರು ನಂಬಿತ್ತು. ಅಮ್ಮನೂ ನಂಬಿದ್ದಳು ಎಂದೇ ನನ್ನ ಎಣಿಕೆ. ಆದ್ದರಿಂದಲೇ ಅವಳು ಮಾಡಿದ್ದು ಸಣ್ಣ ಕೆಲಸ ಅಲ್ಲ.

ನಮ್ಮೂರಿನ ಕಂಬಳದ ದಿನ ಬೆಳಗ್ಗೆ ಕೊಂಬು ಊದುವುದು ಗದ್ದೆಯ ಆಚೆಯಿಂದ ಕೇಳುತ್ತಿತ್ತು. ಮಾವ ಸ್ನಾನ ಮಾಡಿ, ಬಿಳಿ ಮುಂಡು ಉಟ್ಟು, ಕೋಣಗಳ ಹಣೆಗೆ ಕಟ್ಟುವ ಬಣ್ಣದ ಪಟ್ಟಿ ಹಿಡಿದುಕೊಂಡು ಅಂಗಳಕ್ಕೆ ಬಂದ. ಹಿಂದೆ ಸಂಜೀವ, ಕೈಯಲ್ಲಿ ಬೆತ್ತ. ಹಟ್ಟಿಯ ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲೆ ಅಮ್ಮ ಕೂದಲು ಬಿಚ್ಚಿಕೊಂಡು ಕೂತಿದ್ದಳು.

“ಏಳು. ಹೊತ್ತಾಯಿತು,” ಎಂದ ಮಾವ.

“ನಾನು ಹೊರಗೆ ಆಗಿದ್ದೇನೆ ಅಣ್ಣ. ಎರಡನ್ನೂ ಮುಟ್ಟಿದ್ದೇನೆ. ಕಾಟಿಯ ಕುತ್ತಿಗೆಗೆ ಕೈ ಹಾಕಿ ಸ್ವಲ್ಪ ಹೊತ್ತು ಒರಗಿಯೂ ಕೂತಿದ್ದೆ. ಒಳ್ಳೆಯ ಕೋಣ, ಬೈಲಿಕ್ಕೆ ಬರುದಿಲ್ಲ ಅದಕ್ಕೆ.”

ಮಾವ ಕೈ ಮುಂದೆ ಮಾಡಿ ಅವಳ ಕೂದಲು ಹಿಡಿಯಲು ಹೋದವನು ಹಾಗೇ ನಿಂತ. ಮುಟ್ಟಿದರೆ ತಾನೂ ಮೈಲಿಗೆ. ಸಂಜೀವನ ಕೈಯಿಂದ ಬೆತ್ತ ಕಿತ್ತುಕೊಂಡ. ಕೋಣದ ಚರ್ಮಕ್ಕೆ ಎಂದು ಮಾಡಿದ ಬೆತ್ತ ಅದು, ಹೆಂಗಸಿನ ರವಿಕೆಗೆ ಎಂದಲ್ಲ. ಮೊದಲ ಪೆಟ್ಟಿಗೆ ಬಟ್ಟೆ ಹರಿಯಿತು, ಆಮೇಲಿನದ್ದಕ್ಕೆ ಚರ್ಮ. ಅಮ್ಮ ಬಾಗಿಲಿನ ಕಂಬ ತಬ್ಬಿಕೊಂಡು ಬೆನ್ನು ಕೊಟ್ಟು ಕೂತಳು. ಕಿರುಚಲಿಲ್ಲ. ಪ್ರತಿ ಪೆಟ್ಟಿಗೆ ಮೂಗಿನಿಂದ ಹುಂ ಎಂಬ ಶಬ್ದ ಬರುತ್ತಿತ್ತು, ಭತ್ತ ಕುಟ್ಟುವಾಗ ಬರುವ ಹಾಗೆ. ಒಳಗೆ ಕೋಣಗಳು ಬೆತ್ತದ ಶಬ್ದಕ್ಕೆ ಓಡುವ ಹೊತ್ತಾಯಿತೆಂದು ಕಾಲು ಬಡಿಯುತ್ತಿದ್ದವು.

“ದಣಿ,” ಎಂದ ಸಂಜೀವ, ಸಣ್ಣ ಸ್ವರದಲ್ಲಿ. “ದಣಿ, ಆ ಬೆತ್ತವೂ ಮೈಲಿಗೆ ಆಯಿತು.”

ಮಾವ ಬೆತ್ತವನ್ನೇ ನೋಡಿದ. ಅದರ ತುದಿ ಕೆಂಪಾಗಿತ್ತು. ಆಗ ಅವನಿಗೆ ಏನೋ ಹೊಳೆದ ಹಾಗೆ ಕಂಡಿತು.

“ಸುಳ್ಳು. ಮೊನ್ನೆ ಮೊನ್ನೆ ಅಲ್ವಾ ಇವಳು ಹೊರಗೆ ಕೂತದ್ದು? ನನ್ನ ಅಮ್ಮ ಅಡುಗೆ ಮಾಡಿ ಸಾರಿಗೆ ಉಪ್ಪು ಸುರಿದದ್ದು ನನ್ನ ನಾಲಗೆಗೆ ನೆನಪುಂಟು. ಗುಲಾಬಿ, ಬಾ ಇಲ್ಲಿ.”

ಹೋದೆ. ಅವನು ಹೇಳಿದ್ದು ನಿಜ. ಅಮ್ಮ ಹೊರಗೆ ಕೂತು ಮಿಂದು ಒಳಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಆ ಕೋಣೆಗೆ ಗಂಜಿ ಒಯ್ದು ಕೊಟ್ಟವಳು ನಾನೇ.

“ನಿನ್ನ ಅಮ್ಮ ಮೊನ್ನೆ ಹೊರಗೆ ಕೂತಿದ್ದಳಾ ಇಲ್ಲವಾ?”

“ಇಲ್ಲ ಮಾವ. ಅಮ್ಮನಿಗೆ ಜ್ವರ ಇತ್ತು.”

“ನನ್ನ ಮುಖ ನೋಡಿ ಹೇಳು.”

ನೋಡಿದೆ. ಅವನ ಮೂಗಿನ ತುದಿಯಲ್ಲಿ ಬೆವರು ಇತ್ತು.

“ಜ್ವರ ಮಾವ.”

ಬೆತ್ತ ನನ್ನ ಭುಜಕ್ಕೆ ಬಿತ್ತು. ಬಿಸಿ ಕಬ್ಬಿಣ ಇಟ್ಟ ಹಾಗೆ ಆಯಿತು, ಆಮೇಲೆ ಆ ಜಾಗವೇ ಇಲ್ಲದ ಹಾಗೆ. ಇನ್ನೊಮ್ಮೆ ಕೇಳಿದ, ಇನ್ನೊಮ್ಮೆ ಜ್ವರ ಎಂದೆ, ಇನ್ನೊಮ್ಮೆ ಬಿತ್ತು. ಅಮ್ಮ ಕಂಬ ಬಿಟ್ಟು ಏಳಲು ಹೋದಳು. ಅಷ್ಟರಲ್ಲಿ ಚಾವಡಿಯಿಂದ ಅಪ್ಪ ಅಂಡಿನ ಮೇಲೆ ತೆವಳುತ್ತಾ ಅಂಗಳಕ್ಕೆ ಬಂದಿದ್ದ. ಬಿದಿರು ಕಟ್ಟಿದ ಕಾಲು ಹಿಂದೆ ಎಳೆಯುತ್ತಿತ್ತು. ಅವನು ನನ್ನ ಮುಂದೆ ಬಂದು ಕೂತ.

“ಹೊಡಿ ಭಾವ. ಕೋಣಕ್ಕೆ ನಾನು ಹೊಡೆದಷ್ಟು ನೀನು ಹೊಡೆಯಲಿಕ್ಕಿಲ್ಲ. ಹೇಗೂ ನಾನು ಓಡುವವನಲ್ಲ.”

ಮಾವ ಅವನಿಗೂ ಹೊಡೆದ. ಮುರಿದ ಕಾಲಿಗೇ ಹೊಡೆದ. ಅಪ್ಪ ಮಗುವಿನ ಹಾಗೆ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆ ಕೂಗಿಗೆ ಗದ್ದೆಯ ದಾರಿಯಲ್ಲಿ ಬರುತ್ತಿದ್ದವನೊಬ್ಬ ಓಡಿ ಬಂದು ನಿಂತ. ಕರೆಯಲ್ಲಿ ಎಲ್ಲರೂ ಕಾಯುತ್ತಿದ್ದಾರೆ, ಕೋಣ ಯಾಕೆ ಬರಲಿಲ್ಲ ಎಂದು ಕೇಳಲು ಬಂದವನು. ಅವನ ಎದುರೇ ಮಾವ ಮತ್ತೆ ನನ್ನ ಕಡೆ ಬೆತ್ತ ಎತ್ತಿದ. ಆಗ ಜಗಲಿಯಿಂದ ಅಜ್ಜಿ ಇಳಿದಳು. ಸೊಂಟದಲ್ಲಿ ಬೀಗದ ಕೈ ಗೊಂಚಲು ಸದ್ದು ಮಾಡುತ್ತಿತ್ತು.

“ಬೆತ್ತ ಕೆಳಗೆ ಹಾಕು ದೂಮ.”

“ಅಮ್ಮ, ನೀವು ಒಳಗೆ ಹೋಗಿ. ಈ ಹುಡುಗಿ...”

“ಈ ಹುಡುಗಿಯೇ ಈ ಮನೆ. ನೀನಲ್ಲ. ನಿನ್ನ ಮಕ್ಕಳು ಹೂಡೆಯಲ್ಲಿ ಇರುದು. ಇವಳ ಕೈಕಾಲು ಮುರಿದು ಇಟ್ಟರೆ ನಾಳೆ ದೈವಕ್ಕೆ ದೀಪ ಹಚ್ಚಲಿಕ್ಕೆ ನಿನ್ನ ಕಾಟಿ ಬರುತ್ತದಾ?”

“ಇವರು ಸುಳ್ಳು ಹೇಳುದು ಅಮ್ಮ. ಮೊನ್ನೆ ಇವಳು ಹೊರಗೆ ಕೂತದ್ದಾ, ಜ್ವರವಾ? ನೀವೇ ಹೇಳಿ.”

ಹೆಂಗಸರ ದಿನಗಳ ಲೆಕ್ಕ ಮನೆಯಲ್ಲಿ ಅಜ್ಜಿಗೆ ಗೊತ್ತಿದ್ದಷ್ಟು ನಮಗೇ ಗೊತ್ತಿರಲಿಲ್ಲ. ಅಜ್ಜಿ ಅಮ್ಮನ ಬೆನ್ನು ನೋಡಿದಳು. ನನ್ನ ಭುಜ ನೋಡಿದಳು. ಎಲೆಯಡಿಕೆ ಉಗಿದಳು.

“ಜ್ವರ. ನಾನೇ ಕಷಾಯ ಮಾಡಿ ಕೊಟ್ಟದ್ದು.”

ಕೊಂಬಿನ ಸದ್ದು ಮತ್ತೆ ಕೇಳಿತು. ಕೇಳಲು ಬಂದವನು ಒಂದು ಹೆಜ್ಜೆ ಹಿಂದೆ ಸರಿದ. ಅಮ್ಮ, ಅಜ್ಜಿ, ನಾನು, ಮೂವರೂ ದೈವದ ಹೆಸರಿನಲ್ಲಿ ಹಗಲು ಹೊತ್ತಿಗೆ ಸುಳ್ಳು ಹೇಳಿ ನಿಂತಿದ್ದೆವು. ಆಕಾಶ ಬೀಳಲಿಲ್ಲ. ಬೀಳುತ್ತದೆ ಎಂದು ಹೇಳಿಕೊಟ್ಟವರನ್ನು ಆಮೇಲೆ ನಾನು ಪೂರ್ತಿ ನಂಬಲಿಲ್ಲ.

“ಸರಿ, ಶುದ್ಧ ಮಾಡಿ. ಜನ ಕಾಯುತ್ತಿದ್ದಾರೆ,” ಎಂದ ಮಾವ. ಅವನ ಸ್ವರ ಇಳಿದಿತ್ತು.

“ಮಾಡುವ. ನೀರು ನಾನೇ ಕೊಡಬೇಕಲ್ಲ, ಕೊಡುತ್ತೇನೆ. ಮೊದಲು ದೈವದ ಕೋಣೆಯ ಎದುರು ನಿಂತು ಹೇಳು. ಐತಪ್ಪ ಸಾಯುವವರೆಗೆ ಈ ಮನೆಯಲ್ಲಿ ಇರುತ್ತಾನೆ. ಕಮಲನ ಮದುವೆಯ ಮಾತು ಇನ್ನು ನಿನ್ನ ಬಾಯಲ್ಲಿ ಬರುದಿಲ್ಲ. ಹೇಳಿದರೆ ಕೋಣ ಹೊರಗೆ, ಹೇಳದಿದ್ದರೆ ಕೋಣ ಒಳಗೆ. ನನಗೆ ಎಂತ ಅವಸರ ಇಲ್ಲ, ನಾನು ಓಡುದಿಲ್ಲ.”

ಅಜ್ಜಿಗೆ ಆ ಕಿವಿ ಈ ಕಿವಿ ಎರಡೂ ಈಗ ಹೇಗೆ ಕೇಳುತ್ತದೆ ಎಂದು ಮಾವ ಗೊಣಗಿದ. ಕರೆಯಿಂದ ಕೇಳಲು ಬಂದವನು ನಿಂತು ನೋಡುತ್ತಿದ್ದ. ಕೋಣ ಬರುವುದಿಲ್ಲ ಎಂದು ಅವನು ಹೋಗಿ ಹೇಳಿದರೆ ಮುಂದಿನ ವರ್ಷ ಮೊದಲು ಇಳಿಯುವ ಗೌರವ ಬೇರೆ ಮನೆಗೆ. ಮಾವ ದೈವದ ಕೋಣೆಯ ಎದುರು ನಿಂತು ಹೇಳಿದ. ಅಜ್ಜಿ ಇನ್ನೊಮ್ಮೆ ಹೇಳಿಸಿದಳು, ಕೇಳಲಿಲ್ಲ ಎಂದು. ಆಮೇಲೆ ಅರಿಶಿನದ ನೀರು ಕೊಟ್ಟಳು. ಹಟ್ಟಿಗೆ, ಕೋಣಗಳಿಗೆ, ಹಗ್ಗಕ್ಕೆ ಚಿಮುಕಿಸಿದರು. ನೊಗ ಹೂಡಿ ಆಯಿತು. ಆಗ ಸಂಜೀವ ಹಿಂದೆ ಸರಿದು ನಿಂತ.

“ನಾನು ಹಗ್ಗ ಹಿಡಿಯುದಿಲ್ಲ ದಣಿ. ಶುದ್ಧ ಆಗಿರಬಹುದು. ನನಗೆ ಮನಸ್ಸಿಲ್ಲ.” ಮತ್ತೆ ಅಮ್ಮನ ಕಡೆ ನೋಡದೆ ಹೇಳಿದ, “ಅಕ್ಕ, ನನ್ನಲ್ಲಿಯೂ ಯಾರೂ ಕೇಳಿರಲಿಲ್ಲ.”

ಅವನು ತನ್ನ ಬಟ್ಟೆಯ ಗಂಟು ತೆಗೆದುಕೊಂಡು ಗದ್ದೆಯ ದಾರಿಯಲ್ಲೇ ಹೋದ. ಅವನನ್ನು ಮತ್ತೆ ನಾನು ನೋಡಲಿಲ್ಲ. ಮಾವನಿಗೆ ಬೇರೆ ದಾರಿ ಇರಲಿಲ್ಲ. ಮುಂಡು ಎತ್ತಿ ಕಟ್ಟಿ, ಹಗ್ಗ ತಾನೇ ಹಿಡಿದು ಕೋಣಗಳನ್ನು ಕರೆಗೆ ಒಯ್ದ. ಅಜ್ಜಿಯೂ ನಾನೂ ಹಿಂದಿನಿಂದ ಹೋದೆವು. ಓಡಿಸುವ ವಯಸ್ಸು ಅವನದಲ್ಲ, ಅಭ್ಯಾಸವೂ ಇಲ್ಲ. ನಾಲ್ಕು ಮಾರು ಹೋಗುವಷ್ಟರಲ್ಲಿ ಕೆಸರಿಗೆ ಬಿದ್ದ. ಬಿದ್ದ ಕೂಡಲೇ ಹಗ್ಗ ಬಿಟ್ಟ. ಕೋಣಗಳು ತಮ್ಮ ಪಾಡಿಗೆ ಓಡಿ ಆಚೆ ತುದಿ ಮುಟ್ಟಿ ಅಲ್ಲಿ ನಿಂತು ಹುಲ್ಲು ಮೂಸಿದವು. ಬದುವಿನಲ್ಲಿ ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಭುಜ ಉರಿಯುತ್ತಿತ್ತು.

ನಾವು ಮನೆ ಮುಟ್ಟಿ ಎಷ್ಟೋ ಹೊತ್ತಾದ ಮೇಲೆ, ಮಧ್ಯಾಹ್ನ ದಾಟಿ, ಮಾವ ಕೋಣ ಹೊಡೆದುಕೊಂಡು ಮನೆಗೆ ಬಂದ. ಕೆಸರು ಮೈಮೇಲೆ ಒಣಗಿ ಬಿರುಕು ಬಿಟ್ಟಿತ್ತು, ಹುಬ್ಬಿನವರೆಗೂ. ಕಂಬಳದಿಂದ ಬಂದವರಿಗೆ ಮನೆಯ ಹೆಂಗಸು ಅಂಗಳದಲ್ಲೇ ಬಿಸಿನೀರು ಕೊಡಬೇಕು, ಕಾಲು ತೊಳೆಯದೆ ಜಗಲಿ ಹತ್ತುವ ಕ್ರಮ ಇಲ್ಲ. ಅಮ್ಮ ಹಿತ್ತಿಲ ಬದಿಯ ಕೋಣೆಯಲ್ಲಿ ಬೋರಲು ಮಲಗಿದ್ದಳು, ಬೆನ್ನಿಗೆ ಸೊಪ್ಪು ಅರೆದು ಹಚ್ಚಿತ್ತು. ಅಜ್ಜಿ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅಪ್ಪ ಚಾವಡಿಯ ಕಂಬಕ್ಕೆ ಒರಗಿದ್ದ. ಅಜ್ಜಿಯ ಕಣ್ಸನ್ನೆಯಂತೆ ನಾನು ಕೋಣಗಳ ಕಾಲಿಗೆ ನೀರು ಹೊಯ್ದು ಹಟ್ಟಿಗೆ ಕಟ್ಟಿದೆ. ಮಾವ ಅಂಗಳದ ನಡುವೆ ನಿಂತೇ ಇದ್ದ.

“ನೀರು,” ಎಂದ.

ಅಜ್ಜಿ ತಲೆ ಎತ್ತಲಿಲ್ಲ. “ನನಗೆ ಕೇಳುದಿಲ್ಲ. ಮನೆಯಲ್ಲಿ ಗಂಡಸು ಇದ್ದಾನಲ್ಲ, ಅವನಲ್ಲಿ ಹೇಳು.”

ಬಿಸಿಲು ಇತ್ತು. ಮಾವ ಕೆಸರು ಉದುರಿಸುತ್ತಾ ನಿಂತ. ಹಟ್ಟಿಯಲ್ಲಿ ಕಾಟಿ ಉಚ್ಚೆ ಹೊಯ್ಯುವುದು ಮುಗಿಯುವವರೆಗೂ ನಿಂತ. ಆಮೇಲೆ ಚಾವಡಿಯ ಕಡೆ ತಿರುಗಿದ, ಅಪ್ಪನ ಮುಖ ನೋಡಲಿಲ್ಲ, ಕಂಬ ನೋಡಿದ.

“ಭಾವ, ಸ್ವಲ್ಪ ನೀರು.”

ಅಪ್ಪ ಕಾಲಿನ ಬಿದಿರಿನ ಕಟ್ಟನ್ನು ಸರಿ ಮಾಡಿಕೊಂಡ. ಹೋಗು ಎನ್ನಬಹುದಿತ್ತು, ಅವನಿಗೆ ಆ ದಿನ ಅದಕ್ಕೂ ಬಾಯಿ ಇತ್ತು.

“ಗುಲಾಬಿ, ಮಾವನಿಗೆ ನೀರು ಕೊಡು.”

ಬಚ್ಚಲಿನಲ್ಲಿ ಹಂಡೆಯ ನೀರು ಬಿಸಿಯಾಗಿಯೇ ಇತ್ತು. ನಾನು ಬಾವಿಯಿಂದ ತಣ್ಣೀರು ಸೇದಿ ಕೊಟ್ಟೆ.